ಅರಿಶಿನ ಹಚ್ಚದ ಹಸಿರು ಸೀರೆ

ಕೊಟ್ಟವಳೇ ಕೈಮುಗಿದು ಹೋದಳು! ಕುಂದಲಹಳ್ಳಿಯ ಅಂಗಡಿಯಲ್ಲಿ ಅದು ನನ್ನ ಮೊದಲ ದಿನ. ಬಾಗಿಲ ಮುಂದೆ ಕಾರು ನಿಲ್ಲಿಸಿ ಇಳಿದ ಹೆಣ್ಣುಮಗಳೊಬ್ಬಳು ಎರಡು ದೊಡ್ಡ ಚೀಲ ತಂದು ಮೇಜಿನ ಮೇಲಿಟ್ಟಳು. ಒಳಗೆ ರೇಷ್ಮೆ ಕುರ್ತಾ, ಜರಿಯ ದುಪಟ್ಟಾ, ಬೆಲೆಯ ಚೀಟಿಯನ್ನೂ ಕೀಳದ ಒಂದು ಕೋಟು. "ತಗೊಂಡಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ" ಎಂದು ನನಗೆ ಕೈಮುಗಿದು, ದೊಡ್ಡ ಭಾರ ಇಳಿಸಿದವಳ ಹಾಗೆ ಉಸಿರುಬಿಟ್ಟು ಕಾರು ಹತ್ತಿದಳು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ನಮ್ಮೂರಲ್ಲಿ ಹಳೆ ಅರಿವೆ ಕೊಟ್ಟರೆ ತಗೊಂಡವರು ಕೈಮುಗಿಯಬೇಕು. ಇಲ್ಲವೇ ಪಾತ್ರೆ ಮಾರುವವಳು ಬಂದು ಹತ್ತು ಸೀರೆ ಹಿಂದೆ ಮುಂದೆ ತಿರುಗಿಸಿ, ಮೂಗು ಮುರಿದು, ಕೊನೆಗೆ ಒಂದು ಸ್ಟೀಲ್ ಡಬರಿ ಕೊಡಬೇಕು. ಆ ಡಬರಿ ಚಿಕ್ಕದಾಯಿತೆಂದು ಅರ್ಧ ಓಣಿಯೇ ನೆರೆದು ಜಗಳಾಡಬೇಕು. ಇಲ್ಲಿ ಡಬರಿಯೂ ಇಲ್ಲ, ಜಗಳವೂ ಇಲ್ಲ. ಇದೆಂಥ ಊರಪ್ಪಾ ಅಂದುಕೊಂಡೆ.

ನಾನು ನೀಲವ್ವ. ಗುಳೇದಗುಡ್ಡದವಳು. ನಮ್ಮೂರು ಹೆಸರಾಗಿರುವುದು ಖಣಕ್ಕೆ. ಖಣ ಅಂದರೆ ಕುಬಸ, ಇಲ್ಲಿಯವರ ಬ್ಲೌಸು, ಹೊಲಿಸಲಿಕ್ಕೆಂದೇ ಮಗ್ಗದಲ್ಲಿ ನೇಯುವ ಬಟ್ಟೆ. ಅಪ್ಪ ನೇಯುತ್ತಿದ್ದ, ಅವ್ವ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು, ಈಗ ಅಣ್ಣ ಮತ್ತು ಅತ್ತಿಗೆ ಅದೇ ಮಗ್ಗ ನಡೆಸುತ್ತಾರೆ. ನಾನು ಹೊಲಿಗೆ ಕಲಿತೆ. ಮದುವೆಯಾದ ಮೇಲೂ ಊರಲ್ಲೇ ಇದ್ದು ಓಣಿಯ ಕುಬಸಗಳನ್ನೆಲ್ಲ ಹೊಲಿದೆ. ಐದು ವರ್ಷದ ಹಿಂದೆ ನನ್ನ ಗಂಡ ಈರಣ್ಣನಿಗೆ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಹೊಲಿಗೆ ಯಂತ್ರವನ್ನು ಲಾರಿಗೆ ಹಾಕಿಕೊಂಡು ಹೂಡಿಗೆ ಬಂದೆವು.

ಹೂಡಿಯ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಅಡುಗೆಮನೆಯ ಕಿಟಕಿ ತೆಗೆದರೆ ಪಕ್ಕದ ಕಟ್ಟಡದವರ ಅಡುಗೆಮನೆ. ಅವರ ಒಗ್ಗರಣೆಗೆ ನಾವು ಸೀನುತ್ತೇವೆ, ನಮ್ಮ ಒಗ್ಗರಣೆಗೆ ಅವರು. ಇಷ್ಟು ಹತ್ತಿರವಿದ್ದರೂ ಮೊದಲ ವರ್ಷ ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ನಮ್ಮೂರಲ್ಲಿ ಹಗಲಲ್ಲಿ ಬಾಗಿಲು ಹಾಕಿದ್ದರೆ ಒಳಗೆ ಏನೋ ಆಗಿದೆಯೆಂದು ನಾಲ್ಕು ಮಂದಿ ಬಂದು ಬಡಿಯುತ್ತಾರೆ. ಇಲ್ಲಿ ಬಾಗಿಲು ತೆರೆದಿಟ್ಟರೆ, ಏನೋ ಆಗಿರಬೇಕೆಂದು ಕೆಳಗಿನ ಮನೆಯವರು ಫೋನ್ ಮಾಡುತ್ತಾರೆ. ಕಿರಾಣಿ ಅಂಗಡಿಯಲ್ಲಿ "ಉಳ್ಳಾಗಡ್ಡಿ ಕೊಡ್ರಿ" ಅಂದಾಗ ಅಂಗಡಿಯವನು, ಅವನೂ ಕನ್ನಡದವನೇ, "ಅಕ್ಕ, ಹಿಂದಿಲಿ ಹೇಳಿ, ಅರ್ಥ ಆಗತ್ತೆ" ಅಂದ. ಆ ದಿನ ಬಂದ ಸಿಟ್ಟಿಗೆ ಉಳ್ಳಾಗಡ್ಡಿಯಿಲ್ಲದೆಯೇ ಪಲ್ಯ ಮಾಡಿದೆ. ಈಗ ನಾನು ಅವನಿಗೆ ಉಳ್ಳಾಗಡ್ಡಿ ಅನ್ನುವುದನ್ನು ಕಲಿಸಿದ್ದೇನೆ, ಅವನು ನನಗೆ ಈರುಳ್ಳಿ ಅನ್ನುವುದನ್ನು ಕಲಿಸಿದ್ದಾನೆ. ಜೋಳದ ರೊಟ್ಟಿಯೂ ಸಿಕ್ಕಿತು. ಕಟ್ಟಡ ಕೆಲಸದವರ ಶೆಡ್ಡಿನ ಹತ್ತಿರ ಯಾದಗಿರಿಯ ಹೆಣ್ಣುಮಗಳೊಬ್ಬಳು ಬಡಿಯುತ್ತಾಳೆ. ಹಿಟ್ಟು ನಮ್ಮ ಕಡೆಯದೇ.

ಅಂಗಡಿಗೆ ಸೇರಿದ್ದು ಎರಡನೇ ವರ್ಷ. "ಬಟ್ಟೆ ರಿಪೇರಿಗೆ ಕೈ ಪಳಗಿದವರು ಬೇಕು" ಎಂದು ಬಾಗಿಲಿಗೆ ಅಂಟಿಸಿದ್ದರು. ಉಳ್ಳವರು ಉಟ್ಟು ಬಿಟ್ಟ ದುಬಾರಿ ಡಿಸೈನರ್ ಬಟ್ಟೆಗಳನ್ನು ದಾನವಾಗಿ ಪಡೆದು, ಒಪ್ಪ ಮಾಡಿ, ಮತ್ತೆ ಮಾರುವ ಅಂಗಡಿ ಅದು. ಬಂದ ಗಳಿಕೆಯೆಲ್ಲ ಒಂದು ಮನೆಗೆ ಹೋಗುತ್ತದೆ. ದೂರದ ಜಿಲ್ಲೆಗಳಿಂದ ದೊಡ್ಡಾಸ್ಪತ್ರೆಗೆ ಬರುವ ರೋಗಿಗಳ ಜೊತೆಯವರು ಬಾಡಿಗೆಯಿಲ್ಲದೆ ಉಳಿದು, ಅಲ್ಲೇ ಬೇಯಿಸಿಕೊಂಡು ತಿನ್ನುವ ಮನೆ. ತಿಂಗಳಿಗೊಮ್ಮೆ ಮಾರಾಟವಾಗದ ಹತ್ತಿಬಟ್ಟೆಗಳನ್ನು ಹಾಸಲು ಹೊದೆಯಲು ನಾನು ಅಲ್ಲಿಗೆ ಒಯ್ಯುತ್ತೇನೆ. ರಾಯಚೂರು, ಕೊಪ್ಪಳ, ನಮ್ಮ ಬಾದಾಮಿಯವರು ಕೂಡ ಅಲ್ಲಿರುತ್ತಾರೆ. "ಯಾವೂರ್ರಿ ಅಕ್ಕಾರ?" ಎಂದು ಅವರು ಕೇಳುವ ಧಾಟಿಗೇ ಹೋಗುತ್ತೇನೆ ಅಂದರೂ ತಪ್ಪಿಲ್ಲ. ಬೆಂಗಳೂರಿನಲ್ಲಿ ನನ್ನ ಒಂಟಿತನ ಕರಗಿದ್ದು ಅಲ್ಲಿಯ ಅಂಗಳದಲ್ಲಿ.

ಅಂಗಡಿಯ ಹಿರಿಯರು ಲಲಿತಾ ಮೇಡಂ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಹಳೇ ಬೆಂಗಳೂರಿನವರು. ಬಂದ ಬಟ್ಟೆಗೆ ಅವರು 'ಪ್ರೀ-ಲವ್ಡ್' ಅನ್ನುತ್ತಾರೆ. ಮೊದಲೇ ಯಾರೋ ಪ್ರೀತಿಸಿದ್ದು ಎಂದು ಅರ್ಥವಂತೆ. ನಮ್ಮಲ್ಲಿ ಇದಕ್ಕೆ 'ಮಂದಿ ಉಟ್ಟು ಬಿಟ್ಟದ್ದು' ಅನ್ನುತ್ತಾರೆ. ಹೆಸರು ಬದಲಾದರೆ ಬಟ್ಟೆಯ ಗತ್ತೂ ಬದಲಾಗುತ್ತದೆ ನೋಡಿ! ಕೆಲಸ ಮಾತ್ರ ನನಗೆ ನೀರು ಕುಡಿದಷ್ಟು ಸುಲಭ. ಮೊದಲು ಕಂಕುಳು ನೋಡುವುದು, ಆಮೇಲೆ ಕೊರಳಪಟ್ಟಿ, ಕೊನೆಗೆ ಜೇಬು. ಜೇಬುಗಳಲ್ಲಿ ಲಗ್ನಪತ್ರಿಕೆ, ವಿಮಾನದ ಚೀಟಿ, ಒಮ್ಮೆ ಒಂದು ಹಾಲುಹಲ್ಲು ಸಿಕ್ಕಿತ್ತು. ಲೇಬಲ್ಲಿನ ಇಂಗ್ಲಿಷ್ ಓದಲು ನನಗೆ ಹೊತ್ತಾಗುತ್ತದೆ, ಆದರೆ ನಕಲಿ ಬಟ್ಟೆಯನ್ನು ಒಳಹೊಲಿಗೆ ನೋಡಿಯೇ ಹಿಡಿಯುತ್ತೇನೆ. ಅಂಗಡಿಯ ಹುಡುಗಿಯರು ಫೋನಿನಲ್ಲಿ ಹುಡುಕಾಡಿ ಮುಗಿಸುವಷ್ಟರಲ್ಲಿ ನಾನು ಆ ಬಟ್ಟೆಯನ್ನು ಪಕ್ಕಕ್ಕೆ ಎಸೆದಿರುತ್ತೇನೆ. ಮೂರೇ ತಿಂಗಳಲ್ಲಿ ನಾನು 'ನೀಲಾ ಮೇಡಂ' ಆದೆ.

ಆದರೆ ಊರಿಗೆ ಹೇಳಿದ್ದೇನು? "ಡಿಸೈನರ್ ಬಟ್ಟೆ ಅಂಗಡಿಯಲ್ಲಿ ಕೆಲಸ." ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವ್ವನಿಗೆ ಪೂರ್ತಿ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ನಾನು ಚಿಕ್ಕವಳಿದ್ದಾಗ ದೊಡ್ಡವ್ವ ತನ್ನ ಮಗಳು ತೊಟ್ಟು ಬಿಟ್ಟ ಫ್ರಾಕು ತಂದು ಕೊಟ್ಟಿದ್ದಳು. ಕೆಂಪು ಫ್ರಾಕು, ಬಿಳಿ ಕೊರಳು. ಆಸೆಯಿಂದ ಕೈ ಚಾಚಿದೆ. ಅವ್ವ ನನ್ನ ಕೈ ಹಿಡಿದು ಹಿಂದಕ್ಕೆಳೆದು, "ಮಂದಿ ಮೈ ಕಂಡ ಅರಿವಿ ನಮಗ ಬ್ಯಾಡ್ರಿ" ಅಂದುಬಿಟ್ಟಳು. ಹಬ್ಬಕ್ಕೆ ಹೊಸ ಬಟ್ಟೆ ಇಲ್ಲದಿದ್ದ ವರ್ಷ ಅದು. ಅಂಥ ಅವ್ವನ ಮಗಳು ಮಂದಿ ಮೈ ಕಂಡ ಅರಿವೆಯನ್ನೇ ದಿನವಿಡೀ ಮೂಸಿ ನೋಡುವ ಕೆಲಸ ಹಿಡಿದಿದ್ದಳು.

ಸೇರಿದ ಹೊಸತರಲ್ಲಿ ನಾನು ಮಾಡಿದ ತಪ್ಪನ್ನು ಅಂಗಡಿಯಲ್ಲಿ ಈಗಲೂ ಹೇಳಿ ನಗುತ್ತಾರೆ. ಕೆನೆಬಣ್ಣದ ಒಂದು ಲೆಹೆಂಗಾ ಬಂದಿತ್ತು. ಮೈತುಂಬ ಕೈಕಸೂತಿ. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ನೋಡಿ, ಮೆಚ್ಚಿ, ನಾಳೆ ಒಯ್ಯುತ್ತೇನೆ ಎಂದು ಹೇಳಿ ಹೋದಳು. ನನಗೆ ಅದನ್ನು ಹಾಗೇ ಕೊಡಲು ಮನಸ್ಸು ಬರಲಿಲ್ಲ. ಮದುಮಗಳು ತೊಡುವುದು! ಬೇರೆಯವರು ಉಟ್ಟು ಬಿಟ್ಟ ಬಟ್ಟೆ ಬೇರೆ! ನಮ್ಮಲ್ಲಿ ಹೊಸ ಸೀರೆಗೇ ತುದಿಗೆ ಅರಿಶಿನ ಕುಂಕುಮ ಹಚ್ಚದೆ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಇದಕ್ಕಂತೂ ಹಚ್ಚಲೇಬೇಕು ಅನ್ನಿಸಿತು. ದೇವರ ಪಟದ ಮುಂದಿನ ಬಟ್ಟಲಿನಿಂದ ಚಿಟಿಕೆ ಅರಿಶಿನ ತಂದು, ನೀರಲ್ಲಿ ಕಲೆಸಿ, ಅಂಚಿಗೆ ಹಚ್ಚಿದೆ. ಕುಂಕುಮವನ್ನೂ ಇಟ್ಟೆ. ಆಮೇಲೆ ಮೇಲಿಂದ ಹಬೆಯ ಇಸ್ತ್ರಿ ಹೊಡೆದೆ. ಕಾಳಿನಷ್ಟಿದ್ದ ಬೊಟ್ಟು ಅಂಗೈಯಗಲ ಹಬ್ಬಿತು.

"ಏನ್ ಮಾಡ್ಬಿಟ್ರಿ ನೀಲಾ!" ಲಲಿತಾ ಮೇಡಂ ತಲೆಮೇಲೆ ಕೈ ಇಟ್ಟುಕೊಂಡರು.

"ಶುಭಕ್ಕಂತ ಹಚ್ಚೀನ್ರಿ."

"ಶುಭ ಸರಿ ಕಣ್ರೀ, ಆದ್ರೆ ಇಲ್ಲಿ ಅದಕ್ಕೆ ಸ್ಟೇನ್ ಅಂತಾರೆ. ಕಲೆ! ಕಲೆ ಇರೋ ಬಟ್ಟೆ ಯಾರ್ ತಗೋತಾರೆ?"

ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಆದರೆ ಸೂಜಿ ಕೈಯಲ್ಲಿರುವಾಗ ಅಳುತ್ತ ಕೂರುವವಳು ನಾನಲ್ಲ. ಹುಡುಗಿ ಗಿಡ್ಡ ಇದ್ದಳು, ಲೆಹೆಂಗಾ ಉದ್ದವಿತ್ತು. ಅಂಚನ್ನು ಪೂರ್ತಿ ಬಿಚ್ಚಿ, ಕಲೆಯನ್ನು ಒಳಮಡಿಕೆಗೆ ಹಾಕಿ, ಮತ್ತೆ ಕೈಹೊಲಿಗೆ ಹಾಕಿದೆ. ಮರುದಿನ ಅವಳು ತೊಟ್ಟು ನೋಡಿದಾಗ ಅವಳಿಗೇ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಅರಿಶಿನ ಒಳಗೇ ಉಳಿಯಿತು. ಅವಳು ಅದನ್ನು ಹೊತ್ತುಕೊಂಡೇ ಮದುವೆಯಾದಳೆಂದು ನನಗೆ ಇವತ್ತಿಗೂ ಒಳಗೊಳಗೆ ಖುಷಿ. ಅದಾದ ಮೇಲೆ ಮೇಡಂ ಹಾಕಿದ ನಿಯಮ ಒಂದೇ: ಅಂಗಡಿಯ ಬಟ್ಟೆಗೆ ಅರಿಶಿನ ಮುಟ್ಟಿಸುವಂತಿಲ್ಲ. ನಾನು ಕಲಿತೆ, ಬೇಗ ಕಲಿತೆ. ಎಷ್ಟು ಬೇಗ ಕಲಿತೆನೆಂಬುದು ನಮ್ಮ ಮನೆಯ ಸೀಮಂತದ ಹೊತ್ತಿಗೆ ತಿಳಿಯಿತು.

ಅಣ್ಣನ ಮಗಳು ರೇಣುಕಾ ಹೋದ ವರ್ಷ ಬಸುರಿಯಾದಳು. ನಮ್ಮ ಕಡೆ ಚೊಚ್ಚಲ ಬಸುರಿಗೆ ಸೀಮಂತದ ಶಾಸ್ತ್ರ ಮಾಡುವುದಕ್ಕೆ ಕುಬಸ ಮಾಡುವುದು ಅನ್ನುತ್ತಾರೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುತ್ತಾರೆ. "ಹಸಿರು ಸೀರಿ ಸೋದರತ್ತಿದು" ಎಂದು ಅವ್ವ ಫೋನಿನಲ್ಲಿ ಮೊದಲೇ ಹೇಳಿದ್ದಳು. ಸೋದರತ್ತೆ ಅಂದರೆ ನಾನು. ಅದೇ ವಾರ ಅಂಗಡಿಗೆ ಒಂದು ಹಸಿರು ರೇಷ್ಮೆ ಸೀರೆ ಬಂತು. ಎಳೆ ಬಾಳೆಯೆಲೆಯ ಬಣ್ಣ, ಹೆಸರಾಂತ ಡಿಸೈನರ್ ಲೇಬಲ್, ಒಂದೋ ಎರಡೋ ಸಲ ಉಟ್ಟಿದ್ದಿರಬೇಕು. ಹುಟ್ಟಿದಾಗಿನಿಂದ ನೇಯ್ಗೆ ನೋಡಿದವಳು ನಾನು, ಅಂಥ ನೇಯ್ಗೆ ಕಂಡಿರಲಿಲ್ಲ. ಹೊಸದಾದರೆ ಅದು ನನ್ನ ಕೈಗೆಟುಕುವುದಲ್ಲ. ಅಂಗಡಿಯಲ್ಲಿ ಕೆಲಸ ಮಾಡುವವರೂ ಬೆಲೆ ಕೊಟ್ಟೇ ಕೊಳ್ಳಬೇಕು, ಕೊಂಡೆ. ಡ್ರೈಕ್ಲೀನ್ ಮಾಡಿಸಿ, ಹಳೆ ಫಾಲ್ಸ್ ಬಿಚ್ಚಿ ಹೊಸದು ಹಚ್ಚಿದೆ. ಊರಲ್ಲಿ ಎಲ್ಲರ ಎದುರು ಡಬ್ಬಿ ತೆರೆದು ಕೊಟ್ಟೆ. ಓಣಿಯ ಹೆಂಗಸರೆಲ್ಲ ಹೋ ಅಂದರು. ಅವ್ವನ ಕಣ್ಣಿಗೆ ಆಗ ಪೊರೆ ಬಂದು ಎಲ್ಲ ಮಂಜಾಗಿತ್ತು. ಸೀರೆಯನ್ನು ಎತ್ತಿ, ಮಡಿಕೆ ಬಿಡಿಸಿ, ಬೆರಳಿನಿಂದ ಸವರಿ, "ಛಲೋ ಐತಿ" ಎಂದು ಅದನ್ನು ದೇವರ ಕೋಣೆಗೆ ಒಯ್ದಳು. ನಾನು ಗೆದ್ದೆ ಅಂದುಕೊಂಡು ಬೆಂಗಳೂರಿಗೆ ಮರಳಿದೆ.

ಇಪ್ಪತ್ತು ದಿನಕ್ಕೆ ಅಣ್ಣನ ಫೋನು. ರೇಣುಕಾಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಕೂಸನ್ನು ಬಾಗಲಕೋಟೆಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು.

ಆ ದಿನಗಳನ್ನು ಹೇಗೆ ಕಳೆದೆನೋ ಶಿವನಿಗೇ ಗೊತ್ತು. ನಾನು ಮೂಢಳಲ್ಲ. ಸೀರೆಗೂ ಹೆರಿಗೆಗೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಆದರೂ ಅಂಗಡಿಯಲ್ಲಿ ಯಾರಾದರೂ ಹಸಿರು ಬಟ್ಟೆ ಕೈಗೆತ್ತಿಕೊಂಡರೆ ಕೈಯಲ್ಲಿದ್ದ ಕೆಲಸ ಮರೆತು ಅದನ್ನೇ ನೋಡುತ್ತಿದ್ದೆ. ಆ ಸೀರೆಯನ್ನು ಉಟ್ಟು ಬಿಟ್ಟವಳು ಯಾರು, ಯಾಕೆ ಬಿಟ್ಟಳು, ಏನು ದುಃಖವಿತ್ತೋ ಎಂದು ಯೋಚಿಸುತ್ತಿದ್ದೆ. ಸುಳ್ಳು ಹೇಳಿ ಬಸುರಿಯ ಮೈಮೇಲೆ ಹಾಕಿದೆನಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಈರಣ್ಣನಿಗೆ ಹೇಳಿದೆ. "ಹುಚ್ಚಿ ಅದಿ ಏನ? ಕೂಸು ಆರಾಮ ಆಗತೈತಿ, ಬಿಡು" ಅಂದರು. ಕೂಸು ಆರಾಮವಾಯಿತು ನಿಜ, ಮೈ ತುಂಬಿಕೊಂಡು ಮನೆಗೂ ಬಂತು. ನನ್ನ ಭಯ ಮಾತ್ರ ಎದೆಯಲ್ಲೇ ಕೂತಿತ್ತು. ಅವ್ವನಿಗೆ ಗೊತ್ತಾದರೆ ಅವಳು ನನ್ನ ಕೈಯಿಂದ ಇನ್ನೊಂದು ನೂಲಿನೆಳೆಯನ್ನೂ ಮುಟ್ಟುವುದಿಲ್ಲ ಅನ್ನುವುದೇ ಆ ಭಯ.

ಅಷ್ಟರಲ್ಲಿ ಅವ್ವನೇ ಬಂದಳು. ಕಣ್ಣಿನ ಪೊರೆ ತೆಗೆಸಲಿಕ್ಕೆ ಈರಣ್ಣನೇ ಕರೆಸಿದ್ದರು. ಆಪರೇಷನ್ ಚೆನ್ನಾಗಿ ಆಯಿತು. ಹತ್ತನೇ ದಿನ ಅವಳು ಕಪ್ಪು ಕನ್ನಡಕ ಹಾಕಿಕೊಂಡು ಕೂತು, "ನಾಳಿಗೆ ನಿನ್ನ ಅಂಗಡಿ ತೋರಸು. ಕಣ್ಣು ಬಂದಾವು, ಇನ್ನೇನ ನೆಪ ಹೇಳತಿ?" ಅಂದಳು. ನೆಪಗಳು ನಿಜವಾಗಿಯೂ ಮುಗಿದಿದ್ದವು. ಅಂಗಡಿಗೆ ರಜೆಯೆಂದು ಎರಡು ಸಲ, ಬಸ್ಸಿಲ್ಲವೆಂದು ಒಂದು ಸಲ ಹೇಳಿ ಆಗಿತ್ತು. ಹಳೆ ಬಟ್ಟೆಯ ಮಾತೆತ್ತಬೇಡಿ ಎಂದು ಲಲಿತಾ ಮೇಡಂಗೆ ಮೊದಲೇ ಹೇಳಿಡಬಹುದಿತ್ತು. ಆದರೆ ಅವರಿಂದಲೂ ಸುಳ್ಳು ಹೇಳಿಸಲು ನಾಲಿಗೆ ಏಳಲಿಲ್ಲ.

ಅಂಗಡಿಯಲ್ಲಿ ಅವ್ವ ಸಾಲುಸಾಲು ಬಟ್ಟೆಗಳ ನಡುವೆ ಮೆಲ್ಲಗೆ ನಡೆದಳು. ಕಣ್ಣು ಬಂದಿದ್ದರೂ ಬೆರಳಿನಿಂದಲೇ ನೋಡುತ್ತಿದ್ದಳು. ಲಲಿತಾ ಮೇಡಂ ಕುರ್ಚಿ ಹಾಕಿ ಕೂರಿಸಿ, ಅಂಗಡಿ ಯಾಕೆ, ಬಟ್ಟೆ ಎಲ್ಲಿಂದ, ಗಳಿಕೆ ಎಲ್ಲಿಗೆ ಎಂದು ಎಲ್ಲವನ್ನೂ ಪಾಠ ಒಪ್ಪಿಸಿದಂತೆ ಹೇಳಿದರು. ನಾನು ಕಪಾಟಿನ ಹಿಂದೆ ಹ್ಯಾಂಗರ್ ಜೋಡಿಸುತ್ತ ನಿಂತಿದ್ದೆ. ಕೊನೆಗೆ ಅವರು ಪ್ರೀತಿಯಿಂದಲೇ ಕೇಳಿದರು: "ಅಮ್ಮ, ನೀಲಾ ಇಲ್ಲಿಂದಾನೇ ಒಂದ್ ಹಸಿರು ಸೀರೆ ತಗೊಂಡಿದ್ರಲ್ಲ, ನಿಮ್ಮ ಮೊಮ್ಮಗಳಿಗೆ. ಚೆನ್ನಾಗಿತ್ತಾ?"

ನನ್ನ ಕೈಯಲ್ಲಿದ್ದ ಹ್ಯಾಂಗರ್ ನೆಲಕ್ಕೆ ಬಿತ್ತು.

ಅವ್ವ ಕನ್ನಡಕ ಸರಿಮಾಡಿಕೊಂಡು, "ಭಾಳ ಛಲೋ ಇತ್ತು ನೋಡ್ರಿ. ರೇಶಿಮಿ ಖರೇದು" ಅಂದಳು. ಅಷ್ಟೇ. ಆಗಲೇ ಬಾಗಿಲಲ್ಲಿ ಒಬ್ಬ ಹೆಂಗಸು ಚೀಲ ತಂದು ಇಟ್ಟು, ಥ್ಯಾಂಕ್ಸ್ ಎಂದು ಕೈಮುಗಿದು ಹೋದಳು. ಅವ್ವ ಅವಳು ಕಾರು ಹತ್ತುವ ತನಕವೂ ನೋಡಿದಳು.

ಹೊರಗೆ ಬಂದು ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೆವು. ಎದುರಿಗೆ ಐಟಿ ಕಂಪನಿಗಳ ಬಸ್ಸುಗಳು ಒಂದರ ಹಿಂದೆ ಒಂದು ನಿಂತಿದ್ದವು. ನಾನು ತಲೆ ತಗ್ಗಿಸಿ, "ತಪ್ಪಾತಬೇ ಅವ್ವ. ಸುಳ್ಳು ಹೇಳಿದ್ನಿ" ಅಂದೆ.

"ನಂಗ ಅವತ್ತ ಗೊತ್ತಾತು."

"ಅವತ್ತ? ಕಣ್ಣ ಕಾಣತಿರಲಿಲ್ಲಲ್ಲ ನಿನಗ?"

"ಕಣ್ಣ ಯಾಕ ಬೇಕು? ಹೊಸಾ ರೇಶಿಮಿ ಮಡಿಕಿ ಬಿಚ್ಚೂಮುಂದ ಸಪ್ಪಳ ಮಾಡತೈತಿ. ಅದು ಮಾಡಲಿಲ್ಲ. ಹೆಗಲಿನ ಕಡೆ ಪಿನ್ನ ಚುಚ್ಚಿದ ತೂತು ಎರಡ ಇದ್ದುವು. ಇಷ್ಟ ವರ್ಷ ಕಂಡಿಕಿ ಸುತ್ತೇನಿ, ಇಷ್ಟ ತಿಳಿಯಂಗಿಲ್ಲೇನ?"

"ಮತ್ತ ಯಾಕ ಅನ್ನಲಿಲ್ಲ? ಬಸುರಿಗೆ ಯಾಕ ಉಡಸಾಕ ಬಿಟ್ಟಿ?"

ಅವ್ವ ಚಹಾ ಊದಿ ಊದಿ ಒಂದು ಗುಟುಕು ಕುಡಿದಳು. "ಹುಟ್ಟಿದ ಕೂಸಿಗೆ ಮೊದಲ ಏನ ಸುತ್ತತಾರ? ಹಳೇ ಅರಿವಿ. ಹೊಸಾದು ಚುಚ್ಚತೈತಿ ಅಂತ, ಹತ್ತು ಸಲ ಒಗದು ಮೆತ್ತಗಾದ ಮಂದಿ ಸೀರಿ ಕೇಳಿ ತರತೇವಿ. ನಿನ್ನ ಸುತ್ತಿದ್ದು ಬಾಜೂ ಮನಿ ಅಜ್ಜಿ ಸೀರಿಯೊಳಗ. ಮೊನ್ನಿ ರೇಣುಕಾನ ಕೂಸು ಪೆಟಿಗಿಂದ ಹೊರಗ ಬಂದಾಗ ನನ್ನ ಹಳೇ ಸೀರಿ ಹರದು ಸುತ್ತೇವಿ. ಅರಿವಿಯಿಂದ ಏನೂ ಆಗಂಗಿಲ್ಲ. ಅಕಿಗೆ ರಕ್ತ ಕಡಿಮಿ ಇತ್ತು, ಡಾಕ್ಟರ ಹೇಳ್ಯಾರ."

ತಿಂಗಳುಗಟ್ಟಲೆ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಆದರೆ ಜೊತೆಗೆ ಸಿಟ್ಟೂ ಬಂತು. "ಹಂಗಾರ ನನಗ ಕೆಂಪು ಫ್ರಾಕ್ ಯಾಕ ತೊಡಸಲಿಲ್ಲ? ಹಬ್ಬದ ದಿನ ಅತ್ತಿದ್ನಿ ನಾ."

ಅವ್ವ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟಳು. "ಅರಿವಿ ಬ್ಯಾಡಾಗಿರಲಿಲ್ಲ ನೀಲವ್ವ, ಆ ಕೈ ಬ್ಯಾಡಾಗಿತ್ತು. ನಿಮ್ಮ ದೊಡ್ಡವ್ವ ಅದನ್ನ ಎಲ್ಲಾರ ಮುಂದ ಎತ್ತಿ ತೋರಿಸಿ ಕೊಟ್ಟಿದ್ದಳು. ಇಲ್ಲಿ ನೋಡಿದ್ನಲ್ಲ, ಕೊಟ್ಟಾಕಿನ ಕೈಮುಗದು ಹೋದಳು. ಹಂಗ ಕೊಟ್ಟಿದ್ರ ಅವತ್ತ ನಾನೂ ತಗೊಂತಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಚಹಾದ ಅಂಗಡಿಯವನು "ಏನಾಯ್ತಕ್ಕ?" ಎಂದು ಇಣುಕಿದ. ಏನಿಲ್ಲವೆಂದು ಕೈಯಾಡಿಸಿದೆ. ಅವ್ವ ಮಾತ್ರ ಇನ್ನೂ ಮುಗಿಸಿರಲಿಲ್ಲ.

"ಸಿಟ್ಟು ಒಂದಕ್ಕ ಬಂದಿತ್ತು. ಅರಿಶಿನ ಹಚ್ಚದ ತಂದಿದ್ದಿ. ಬಸುರಿಗೆ ಉಡಸೂ ಸೀರಿ! ಬೆಂಗಳೂರು ಸೇರಿ ಅದನ್ನೂ ಮರತ್ಯಾ? ನಾನ ಒಳಗ ಒಯ್ದು ಸೆರಗಿನ ತುದಿಗೆ ಹಚ್ಚಿದ್ನಿ. ಹಚ್ಚಿದ ಮ್ಯಾಲ ಹೊಸಾದ ಆತು."

ಮರೆತಿರಲಿಲ್ಲ, ಕಲಿತಿದ್ದೆ. ಆದರೆ ಲೆಹೆಂಗಾದ ಕಥೆಯನ್ನು ಅವಳಿಗೆ ಆಗ ಹೇಗೆ ಹೇಳಲಿ? ಸಂಜೆ ಮನೆಯಲ್ಲಿ ಹೇಳಿದೆ. ಕಣ್ಣಿಗೆ ನೀರು ಬರಬಾರದು, ನಗಬೇಡ ಎಂದು ಡಾಕ್ಟರು ಹೇಳಿದ್ದಾರೇನೋ ಅನ್ನುವಂತೆ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಮರುವಾರ ಅವಳನ್ನು ರೈಲಿಗೆ ಹತ್ತಿಸಲು ಹೋದೆ. ಕಿಟಕಿಯ ಬದಿ ಕೂತು ಚೀಲ ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಕೂಸಿನ ಕೂದಲಾ ತೆಗಸೂ ಜವಳಕ್ಕ ಬರೂಮುಂದ ನನಗೊಂದು ಸೀರಿ ತಾ. ಆ ಅಂಗಡೀದ ತಾ. ಯಾರರ ಕೇಳಿದ್ರ ನಾನ ಹೇಳತೀನಿ, ಉಟ್ಟು ಬಿಟ್ಟದ್ದು ಅಂತ. ಆದ್ರ ನೀ ಅರಿಶಿನ ಹಚ್ಚಬ್ಯಾಡ. ಅದನ್ನ ಮನ್ಯಾಗ ನಾ ಹಚ್ಚತೀನಿ."

ಇದನ್ನು ಬರೆಯುವಾಗ ಆ ಸೀರೆ ನನ್ನ ಪಕ್ಕದಲ್ಲೇ ಇದೆ. ದಾಳಿಂಬೆ ಬಣ್ಣ, ಸಣ್ಣ ಅಂಚು, ಅವ್ವನಿಗೆ ಒಪ್ಪುತ್ತದೆ. ಊರಿಗೆ ಹೋದರೆ ಎಲ್ಲರೂ "ಬೆಂಗಳೂರಾಕಿ ಬಂದಳು" ಅನ್ನುತ್ತಾರೆ. ಇಲ್ಲಿ ಬಾಯಿ ತೆರೆದರೆ "ನೀವು ಉತ್ತರ ಕರ್ನಾಟಕದವ್ರಲ್ವಾ?" ಅನ್ನುತ್ತಾರೆ. ಮೊದಲು ಇದು ಚುಚ್ಚುತ್ತಿತ್ತು, ಈಗ ಎರಡಕ್ಕೂ ಹೌದು ಅಂದು ಮುಂದೆ ನಡೆಯುತ್ತೇನೆ. ಇಲ್ಲಿ ಕಲೆಯಾಗುವ ಅರಿಶಿನವೇ ಅಲ್ಲಿ ಹಳೆಯದನ್ನು ಹೊಸದು ಮಾಡುತ್ತದೆ. ಸೀರೆಗೆ ಫಾಲ್ಸ್ ಹಚ್ಚಿದ್ದೇನೆ, ಪಿನ್ನಿನ ತೂತುಗಳಿಗೆ ರಫೂ ಹಾಕಿದ್ದೇನೆ, ಇಸ್ತ್ರಿ ಮಾಡಿ ಮಡಚಿದ್ದೇನೆ. ಸೆರಗಿನ ತುದಿಯನ್ನು ಮಾತ್ರ ಅವ್ವನಿಗಾಗಿ ಹಾಗೇ ಬಿಟ್ಟಿದ್ದೇನೆ.